ಟೊರೊರೊದಲ್ಲಿ ಮಾತಾಡದ ಮಡಕೆ

ವಾಡಿ ಜಂಕ್ಷನ್

ಬಿಯರು ಮಾಡುವುದನ್ನು ಕಲಿಯಲಿಕ್ಕೆ ಸೇಡಂನಿಂದ ಯಾರೂ ಆಫ್ರಿಕಾಕ್ಕೆ ಹೋಗುವುದಿಲ್ಲ. ನಾನೂ ಅದಕ್ಕಾಗಿ ಹೋದವಳಲ್ಲ. ನಮ್ಮವರು ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಫೋರ್ಮನ್ ಆಗಿ ದುಡಿದು, ಕೆಲಸ ಮುಗಿದ ಮೇಲೆ ಒಂದು ವರ್ಷದ ಕಾಂಟ್ರ್ಯಾಕ್ಟ್ ಹಿಡಿದು ಯುಗಾಂಡಾ ದೇಶದ ಟೊರೊರೊ ಎಂಬ ಊರಿಗೆ ಹೋದರು. ಅಲ್ಲಿಯೂ ಸಿಮೆಂಟೇ. ಆರು ತಿಂಗಳಾಗುವಷ್ಟರಲ್ಲಿ ಫೋನಿನಲ್ಲಿ ಅವರ ಮಾತೆಲ್ಲ ರೊಟ್ಟಿಯ ಸುತ್ತಲೇ ತಿರುಗತೊಡಗಿತು. ಮಗಳು ಗೌರಿ ಚಿತ್ತಾಪುರದಲ್ಲಿ ಗಂಡನ ಮನೆಯಲ್ಲಿ ಆರಾಮಾಗಿದ್ದಾಳೆ. ನನಗೆ ಮನೆಯಲ್ಲಿ ಅಂಥ ಕಟ್ಟು ಇರಲಿಲ್ಲ. ಮೂರು ತಿಂಗಳ ಮಟ್ಟಿಗೆ ಹೋಗಿ ಬರೋಣವೆಂದು ಹೊರಟೆ.

ನಾನು ಖಡಕ್ ರೊಟ್ಟಿ ಮಾಡಿ ಮಾರುವವಳು. ಜೋಳದ ಹಿಟ್ಟನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು, ಜೋಳ ಹೊಸದೋ ಹಳೆಯದೋ, ಗಿರಣಿಯವನು ಕಲ್ಲು ಬಿಗಿ ಮಾಡಿದ್ದನೋ ಇಲ್ಲವೋ ಹೇಳುತ್ತೇನೆ. ಹಿಟ್ಟಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಎಂಬ ಸೊಕ್ಕು ನನಗಿತ್ತು. ಆ ಸೊಕ್ಕು ಇಳಿದ ಕತೆ ಇದು.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ನಮ್ಮದು ಕೊರಳಲ್ಲಿ ಲಿಂಗ ಇರುವ ಮನೆ. ತವರು ಚಿಂಚೋಳಿಗೆ ಹತ್ತಿದ ಚಂದಾಪುರ. ಕುಂಚಾವರಂ ಕಡೆಯಿಂದ ಸಂತೆಗೆ ಬಂದವರು ಸಿಂದಿ ಕುಡಿದು ತೆಲುಗಿನಲ್ಲಿ ಹಾಡುತ್ತ ಹೋಗುವಾಗ ನಮ್ಮವ್ವ ಕಿಟಕಿ ಮುಚ್ಚುತ್ತಿದ್ದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಯಾರೂ ಅಷ್ಟು ಖುಷಿಯಿಂದ ನಡೆದದ್ದನ್ನು ನಾನು ನೋಡಿರಲಿಲ್ಲ. ಆದರೂ ಕುಡಿತವೆಂದರೆ ಆ ಕಿಟಕಿಯ ಆಚೆಗಿನದು ಎಂದೇ ಬೆಳೆದೆ.

ವಾಡಿಯಲ್ಲಿ ಮುಂಬೈ ರೈಲಿಗೆ ಕಾಯುವಾಗ, ಶಹಾಬಾದಿನ ಕಡೆಯವರೆಂದು ಕಾಣುತ್ತದೆ, ಒಬ್ಬ ಯಜಮಾನರು ಬೆಂಚಿನ ಮೇಲಿದ್ದ ನನ್ನ ಬಟ್ಟೆಯ ಗಂಟನ್ನು ದಿಂಬು ಎಂದುಕೊಂಡು ಅದರ ಮೇಲೆ ಕುಳಿತರು. ಒಳಗೆ ನೂರು ರೊಟ್ಟಿ ಇದ್ದವು. ಸದ್ದು ಕೇಳಿ ಅವರು ತಮ್ಮ ಎಲುಬೇ ಮುರಿಯಿತೆಂದು ಹೆದರಿ ಎದ್ದರು. ಅರ್ಧಕ್ಕಿಂತ ಹೆಚ್ಚು ರೊಟ್ಟಿ ಚೂರಾಗಿಯೇ ವಿಮಾನ ಹತ್ತಿದವು.

ಎಂಟೆಬ್ಬೆ

ವಿಮಾನ ಇಳಿದ ಮೇಲೆ ಸಾಮಾನು ನೋಡುವ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ರೊಟ್ಟಿಯೊಂದನ್ನು ಎತ್ತಿ ಬೆರಳಿನಿಂದ ಬಡಿದ, ಬೆಳಕಿಗೆ ಹಿಡಿದ. ಇದೇನು ಎಂದ. ರೊಟ್ಟಿ ಎಂದೆ. ಯಾವುದರದ್ದು ಎಂದ. ಜೋಳಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಆ ಹೊತ್ತಿಗೆ ನೆನಪಾಗಲಿಲ್ಲ. ಚೀಲದ ತಳದಲ್ಲಿ ಯಾವುದಕ್ಕೆಂದೋ ಕಟ್ಟಿಟ್ಟ ಹಿಡಿ ಜೋಳ ಇತ್ತು, ಅದನ್ನೇ ಅಂಗೈ ಮೇಲೆ ಹರವಿ ತೋರಿಸಿದೆ. ಕಾಳು ನೋಡಿದ್ದೇ ಅವನ ಮುಖ ಅರಳಿತು.

“ನೀವು ಇದನ್ನು ತಿನ್ನುತ್ತೀರಾ? ನಾವು ಕುಡಿಯುತ್ತೇವೆ!” ಎಂದ. ಹಿಂದೆ ನಿಂತವರೂ ನಕ್ಕರು. ಕಾಳನ್ನು ಒಳಗೆ ಬಿಡಲಿಲ್ಲ, ರೊಟ್ಟಿಯನ್ನು ಬಿಟ್ಟ. ಒಂದು ಚೂರು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ಹಲ್ಲು ಗಟ್ಟಿಯಿದ್ದವರ ಊಟ ಎಂದು ತೀರ್ಪು ಕೊಟ್ಟ.

ಟೊರೊರೊ, ಬೇಲಿಯ ಆಚೆ

ಸಿಮೆಂಟಿನ ಊರು ಎಲ್ಲಿದ್ದರೂ ಒಂದೇ ಬಣ್ಣ. ಕೋಡ್ಲಾದಲ್ಲಿ ಬೇವಿನ ಎಲೆ ಬೂದಿ ಬಣ್ಣ, ಇಲ್ಲಿ ಬಾಳೆ ಎಲೆ ಬೂದಿ ಬಣ್ಣ. ಊರಿನ ನಡುವೆ ಒಂದೇ ಒಂದು ದೊಡ್ಡ ಬಂಡೆಗುಡ್ಡ ನೆಟ್ಟಗೆ ನಿಂತಿದೆ. ಕ್ವಾರ್ಟರ್ಸಿನ ಹಿಂದೆ ಗಿಡದ ಬೇಲಿ, ಬೇಲಿಯ ಆಚೆ ಆಗ್ನೆಸ್‌ಳ ಮನೆ.

ಆಗ್ನೆಸ್ ನನ್ನ ವಯಸ್ಸಿನವಳು, ಗಂಡನಿಲ್ಲ. ನಾನು ಒಣ ಹಾಕಿದ ರೊಟ್ಟಿ ಚೂರನ್ನು ಅವಳ ಕೋಳಿಗಳು ಬಂದು ತಿಂದಾಗ ಕ್ಷಮೆ ಕೇಳಲು ಬಂದಳು. “ಯೋಗಾ” ಎಂದಳು. ಬೆಳಿಗ್ಗೆ ಟಿವಿಯಲ್ಲಿ ಮಾಡಿಸುವ ಯೋಗವಲ್ಲ, ಅವರ ಟೇಸೊ ಮಾತಿನಲ್ಲಿ ಅದು ನಮಸ್ಕಾರ. ಮಗಳ ಹೆಸರು ಕೇಳಿದಳು, ಅಂದಿನಿಂದ ನಾನು ಟೋಟೊ ಗೌರಿ, ಎಂದರೆ ಗೌರಿಯ ತಾಯಿ. ನಮ್ಮ ಕಡೆಯ ಗೌರಿ ಅವ್ವ ಎಂದ ಹಾಗೆಯೇ ಆಯಿತು. ಅವಳದೂ ನನ್ನದೂ ಇಂಗ್ಲಿಷ್ ಒಂದೇ ತೂಕದ್ದು. ಹತ್ತು ಶಬ್ದ, ಉಳಿದದ್ದು ಕೈ. ಅವಳು ಹೇಳಿದ್ದೆಲ್ಲ ನನ್ನ ತಲೆಯೊಳಗೆ ಸೇಡಂ ಮಾತಾಗಿಯೇ ಕುಳಿತಿದೆ, ಆದ್ದರಿಂದ ಹಾಗೆಯೇ ಬರೆಯುತ್ತೇನೆ.

ಒಂದು ದಿನ ಅವಳು ರಾಗಿ ಹಿಟ್ಟು, ಜೋಳದ ಹಿಟ್ಟು ಸೇರಿಸಿ ಗಟ್ಟಿಯಾಗಿ ಕಲಸುತ್ತಿದ್ದಳು. ನೀರು ಹೆಚ್ಚಾಯಿತು ಎಂದು ನಾನು ಬೇಲಿಯ ಮೇಲಿಂದಲೇ ಹೇಳಿದೆ. ಅವಳು ಬಂದು ಕೈ ಹಚ್ಚು ಎಂದಳು. ಹಚ್ಚಿದೆ. ಕಲಸಿದ್ದನ್ನು ಬಾಳೆ ಎಲೆ ಹಾಸಿದ ಗುಂಡಿಗೆ ಸುರಿದು, ಮೇಲೆ ಎಲೆ ಮುಚ್ಚಿ, ಮಣ್ಣು ಎಳೆದಾಗ ನನ್ನ ಜೀವ ಚುರ್ ಎಂದಿತು. ಒಳ್ಳೆಯ ಹಿಟ್ಟನ್ನು ಹೂಳುತ್ತಾರೆಯೇ?

“ಏನ್ ಮಾಡ್ಲಿಕತ್ತಿ ನೀ?” ಎಂದೆ.

“ಅಜೋನ್” ಎಂದಳು. ಕೈಯಿಂದ ಕುಡಿಯುವ ಸನ್ನೆ ಮಾಡಿದಳು.

ಬಿಯರು! ನಾನು ಕೈ ತೊಳೆದುಕೊಂಡು ಒಳಗೆ ಹೋದೆ. ಸಂಜೆ ನಮ್ಮವರಿಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಿಮ್ಮವ್ವ ಕಿಟಕಿ ಮುಚ್ಚತಿದ್ಲು, ನೀ ಹೋಗಿ ಕಣಕ ನಾದಿ ಬಂದೀ” ಎಂದರು.

ವಾರ ಕಳೆದು ಗುಂಡಿ ತೆಗೆಯುವಾಗ ಮತ್ತೆ ಹೋಗಿ ನಿಂತೆ. ತಡೆಯಲಾಗಲಿಲ್ಲ. ಹಿಟ್ಟು ಹುಳಿ ಬಂದಿತ್ತು, ಮೂಗಿಗೆ ಖಾರವಾಗಿ ಹೊಡೆಯಿತು. ಅದನ್ನು ಅಗಲವಾದ ತಗಡಿನ ಮೇಲೆ ಹಾಕಿ, ಕೆಳಗೆ ಬೆಂಕಿ ಮಾಡಿ, ಸಲಿಕೆಯಿಂದ ತಿರುವುತ್ತ ಹುರಿಯಬೇಕು. ಕಣ್ಣಲ್ಲಿ ಮೂಗಲ್ಲಿ ನೀರು. ಕಂದು ಬಣ್ಣದ ಉದುರು ಉದುರಾದ ಮೇಲೆ ಬಿಸಿಲಿಗೆ ಒಣಗಿಸಿ ಚೀಲಕ್ಕೆ ತುಂಬಿದಳು. ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲವಂತೆ. ಬಿಯರನ್ನು ಬಾಟಲಿಯಲ್ಲಿಡುವುದು ಗೊತ್ತು, ಹಿಟ್ಟಿನ ಹಾಗೆ ಚೀಲದಲ್ಲಿ ಇಡುವುದನ್ನು ಅಲ್ಲಿಯೇ ಕಂಡೆ. ಖಡಕ್ ರೊಟ್ಟಿ ಮಾಡುವವಳಿಗೆ ಈ ಬುದ್ಧಿ ಭಾಳ ಹಿಡಿಸಿತು. ನೀರು ತೆಗೆದರೆ ಯಾವುದೂ ಉಳಿಯುತ್ತದೆ.

ಬೇಕಾದಾಗ ಆ ಹುರಿದ ಪುಡಿಗೆ ನೀರು ಹಾಕಿ, ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟು ಸೇರಿಸಿ ಮಡಕೆಯಲ್ಲಿಡುತ್ತಾರೆ. ಮೂರು ದಿನಕ್ಕೆ ಕುಡಿಯುವ ಹದ. ಮಾರನೆಯ ದಿನದಿಂದಲೇ ಅದು ಮಾತಾಡುತ್ತದೆ. ಹಾಗೆಂದವಳು ಆಗ್ನೆಸ್. ಅವಳ ಒಂದು ಮಡಕೆಗೆ ಕಿವಿ ಹಚ್ಚಿ ಕೇಳಿದೆ, ಸಣ್ಣಗೆ ಗುಸುಗುಸು ಎನ್ನುತ್ತಿತ್ತು. ಆಮೇಲೆ ಗಂಡಸರು ಬಂದು ಸುತ್ತ ಕುಳಿತರು. ಮಡಕೆಗೆ ಬಿಸಿನೀರು ಹೊಯ್ದು, ಒಬ್ಬೊಬ್ಬರೂ ಒಂದೊಂದು ಮಾರುದ್ದದ ಕೊಳವೆ ಇಳಿಬಿಟ್ಟು, ಒಂದೇ ಮಡಕೆಯಿಂದ ಎಲ್ಲರೂ ಎಳೆದರು. ನಮ್ಮಲ್ಲಿ ಒಂದೇ ಲೋಟದಲ್ಲಿ ನೀರು ಕುಡಿಯಲು ಎತ್ತಿ ಹೊಯ್ದುಕೊಳ್ಳುತ್ತೇವೆ. ಇಲ್ಲಿ ಎಂಟು ಜನ, ಒಂದೇ ಮಡಕೆ. ಆದರೆ ಕಟ್ಟಳೆಗೇನೂ ಕಮ್ಮಿಯಿಲ್ಲ. ಕೊಳವೆ ಎಡಗೈಯಲ್ಲಿ ಹಿಡಿಯಬಾರದು. ಊದಿ ಗುಳ್ಳೆ ಎಬ್ಬಿಸಬಾರದು. ಅತ್ತೆ ಅಳಿಯ ಒಂದೇ ಮಡಕೆಗೆ ಕೂರಬಾರದು. ಅಲ್ಲಿ ಹಾಡಿದವರಿಗಿಂತ ಮಳೆ, ಹೊಲ, ಮದುವೆ ಮಾತಾಡಿದವರೇ ಹೆಚ್ಚು. ನಾನು ಬಿಸಿನೀರು ಕೊಟ್ಟು ಮನೆಗೆ ಬಂದುಬಿಡುತ್ತಿದ್ದೆ. ಮಾಡುವುದು ಬೇರೆ, ಕುಡಿಯುವುದು ಬೇರೆ ಎಂದು ನನಗೆ ನಾನೇ ಒಂದು ಗೆರೆ ಎಳೆದುಕೊಂಡಿದ್ದೆ.

ಮೂರು ದಿನ ಮಳೆ

ಆಗ್ನೆಸ್‌ಗೆ ಮನೆಯ ಹಿಂದೆ ರಾಗಿಯ ಹೊಲವಿತ್ತು. ಕಳೆ ಮೊಣಕಾಲುದ್ದ ಬಂದಿತ್ತು. ಅಲ್ಲಿ ಕಳೆ ತೆಗೆಯಲು ಆಳು ಕರೆಯುವುದಿಲ್ಲ, ಮಡಕೆ ಇಡುತ್ತಾರೆ. ಇಂಥ ದಿನ ನಮ್ಮ ಮನೆಯಲ್ಲಿ ಅಜೋನ್ ಇದೆ ಎಂದು ಹೇಳಿ ಕಳಿಸಿದರೆ ಊರವರು ಗುದ್ದಲಿ ಹಿಡಿದು ಬರುತ್ತಾರೆ. ಮಧ್ಯಾಹ್ನದವರೆಗೆ ದುಡಿಮೆ, ಆಮೇಲೆ ಮಡಕೆ. ನಮ್ಮ ಮುಯ್ಯಾಳಿನ ಪದ್ಧತಿಯೇ, ಆದರೆ ಮುಯ್ಯಿ ಮಡಕೆಯಿಂದ ತೀರುತ್ತದೆ.

ಈ ಸಲದ ಮಡಕೆಗೆ ಬೇರೆಯದೇ ಭಾರವಿತ್ತು. ಆಗ್ನೆಸ್‌ಳ ಗಂಡನ ಅಣ್ಣ ಒಪೊಲೊಟ್ ಎಂಬ ಹಿರಿಯ ಅಲ್ಲೇ ಹತ್ತಿರದಲ್ಲಿದ್ದ. ಕೆಟ್ಟವನಲ್ಲ, ನನಗೆ ಎರಡು ಸಲ ಪಪ್ಪಾಯಿ ತಂದುಕೊಟ್ಟಿದ್ದ. ಆದರೆ ತಮ್ಮನ ಹೊಲದ ಮೇಲೆ ಅವನ ಕಣ್ಣು. ಒಬ್ಬಂಟಿ ಹೆಂಗಸಿನ ಕೈಯಲ್ಲಿ ಹೊಲ ಆಗುವುದಿಲ್ಲ, ಊರು ಅವಳ ಮಾತಿಗೆ ಬರುವುದಿಲ್ಲ, ನಾನೇ ಮಾಡುತ್ತೇನೆ ಎಂದು ಹಿರಿಯರ ಮುಂದೆ ಹೇಳುತ್ತ ಬಂದಿದ್ದ. ಹಿರಿಯರು ಈ ಬೆಳೆ ನೋಡೋಣ ಎಂದಿದ್ದರು. “ಜನ ನನ್ನ ಮಡಕಿಗಿ ಬಂದ್ರ ಹೊಲ ನಂದು. ಬರಲಿಲ್ಲಂದ್ರ ಅವಂದು” ಎಂದು ಆಗ್ನೆಸ್ ನನಗೆ ನೇರವಾಗಿಯೇ ಹೇಳಿದ್ದಳು. ಶನಿವಾರಕ್ಕೆ ಹೇಳಿ ಕಳಿಸಿಯಾಗಿತ್ತು.

ಅಷ್ಟರಲ್ಲಿ ಅವಳ ತವರಿನಲ್ಲಿ ಒಂದು ಸಾವಾಯಿತು. ನೆನೆಸಿ ಮೊಳಕೆ ಬರಿಸಿದ್ದ ರಾಗಿ ಚಾಪೆಯ ಮೇಲಿತ್ತು. ಚಾಪೆ ಸಮೇತ ತಂದು ನನ್ನ ವರಾಂಡದಲ್ಲಿಟ್ಟಳು.

“ಬಿಸಲಿಗಿ ಹಾಕು. ಮಳಿ ಬಂದ್ರ ಒಳಗ ತಗೋ. ಅಷ್ಟೇ. ಮಂಗಳವಾರ ಬರ್ತೀನಿ.”

“ನೀ ಫಿಕರ್ ಮಾಡಬ್ಯಾಡ” ಎಂದೆ.

ಅವಳು ಬಸ್ಸು ಹತ್ತಿದ್ದೇ ಮಳೆ ಹಿಡಿಯಿತು. ಹಿಡಿದದ್ದು ಮೂರು ದಿನ ಬಿಡಲಿಲ್ಲ. ಮೊಳಕೆ ಉದ್ದವಾಗತೊಡಗಿತು. ಎರಡನೆಯ ದಿನ ಕೈ ಆಡಿಸಿದರೆ ಕಾಳು ಬೆಚ್ಚಗೆ, ಮೂಗಿಗೆ ಹಿಡಿದರೆ ಮುಗ್ಗಲು. ನನ್ನ ಕೈಯಲ್ಲಿ ಕೊಟ್ಟ ಧಾನ್ಯ ಬೂಸಲು ಹಿಡಿಯುವುದೇ? ನಮ್ಮವ್ವ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು ಯೋಚಿಸುವ ಅಗತ್ಯವೂ ಬೀಳಲಿಲ್ಲ, ಕೈ ತಾನೇ ಒಲೆಯ ಕಡೆ ಹೋಯಿತು. ನಮ್ಮ ಕಡೆ ರಾಗಿ ತರುವುದೇ ಮನೆಯಲ್ಲಿ ಕೂಸು ಇದ್ದಾಗ. ನೆನೆಸಿ, ಮೊಳಕೆ ಬರಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು ಬೀಸಿದರೆ ಕೂಸಿನ ಹಿಟ್ಟು. ಗೌರಿ ಅದನ್ನೇ ಉಂಡು ಬೆಳೆದವಳು. ಬಾಣಲೆಯಿಟ್ಟು, ಹಿಡಿ ಹಿಡಿಯಾಗಿ ಹಾಕಿ, ಒಂದು ಕಾಳೂ ಸೀಯದ ಹಾಗೆ ಅಷ್ಟನ್ನೂ ಹುರಿದೆ. ವರಾಂಡವೆಲ್ಲ ಘಮ ಘಮ. ಅವಳಿಗೆ ಕೆಲಸ ಕಡಿಮೆಯಾಗಲೆಂದು ಗಿರಣಿಗೂ ಹಾಕಿಸಿಕೊಂಡು ಬಂದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಂಗಳವಾರ ಆಗ್ನೆಸ್ ಬಂದಳು. ಅತ್ತು ಕಣ್ಣು ಊದಿದ್ದವು. ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, “ಈ ಮಳ್ಯಾಗೂ ಭಾಳ ಛಲೋ ಒಣಗ್ಯಾದ!” ಎಂದು ನನ್ನನ್ನು ತಬ್ಬಿಕೊಂಡಳು. ಬುಧವಾರ ಹುರಿದ ಪುಡಿಯ ಜೊತೆ ಅದನ್ನು ಸೇರಿಸಿ ಒಂದು ದೊಡ್ಡ ಮಡಕೆ ತುಂಬಿಸಿದೆವು. ಪುಡಿಯದೂ ಹುರಿದ ವಾಸನೆ, ಹಿಟ್ಟಿನದೂ ಹುರಿದ ವಾಸನೆ. ಅವಳಿಗೆ ಅನುಮಾನ ಬರಲಿಲ್ಲ.

ಶುಕ್ರವಾರ

ಗುರುವಾರ ಮಡಕೆ ಮಾತಾಡಲಿಲ್ಲ. ಚಳಿಯಿದೆ ಎಂದು ಆಗ್ನೆಸ್ ಅದಕ್ಕೆ ಗೋಣಿ ಸುತ್ತಿದಳು. ಶುಕ್ರವಾರ ಬೆಳಿಗ್ಗೆಯೂ ಇಲ್ಲ. ನಾನೂ ಕಿವಿ ಹಚ್ಚಿದೆ, ಒಳಗೆ ಏನೂ ಇಲ್ಲ. ರುಚಿ ನೋಡಿದ ಆಗ್ನೆಸ್ ನೆಲಕ್ಕೆ ಕುಳಿತಳು.

“ಮೊಳಕಿ ಹಿಟ್ಟು ಜೀವಂತ ಇರ್ತದ. ಆ ಹುರಿದ ಪುಡಿ ಸತ್ತದ್ದು. ಜೀವ ಇದ್ದದ್ದು ಸತ್ತದ್ದನ್ನ ಎಬ್ಬಸ್ತದ” ಎಂದಳು. “ನಾ ಸಾವಿನ ಮನಿಯಿಂದ ಬಂದ ಕೈಲೆ ಮುಟ್ಟೀನಿ. ನನ್ನ ಕೈ ಕೆಟ್ಟದ.”

ಆಗ ನನಗೆ ತಿಳಿಯಿತು. ಹುರಿದ ಜೋಳವನ್ನು ಬಿತ್ತುವ ಹುಚ್ಚರು ನಮ್ಮ ಕಡೆಯೂ ಇಲ್ಲ. ಜೀವ ಇದ್ದದ್ದನ್ನು ನಾನೇ, ಇದೇ ಕೈಯಿಂದ, ಸಣ್ಣ ಉರಿಯ ಮೇಲೆ, ಒಂದು ಕಾಳೂ ಬಿಡದೆ ಕೊಂದಿದ್ದೆ.

ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ. ಮೂವತ್ತು ವರ್ಷ ಹಿಟ್ಟಿನ ಜೊತೆ ಬದುಕಿದವಳು ಹಿಟ್ಟು ಕೆಡಿಸಿದೆ ಎಂದು ಹೇಗೆ ಹೇಳಲಿ ಎಂಬ ನಾಚಿಕೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ಅವಳ ಹೊಲಕ್ಕಿಂತ ನನ್ನ ಮರ್ಯಾದೆಯೇ ನನಗೆ ದೊಡ್ಡದಾಗಿ ಕಂಡಿತು. ಮನೆಗೆ ಬಂದು ನಮ್ಮವರ ಮುಂದೆ ಹೇಳಿಕೊಂಡೆ.

“ನೀ ಸುಮ್ಕ ಕುಂದ್ರು. ಅವರ ಮಡಕಿ, ಅವರ ಹೊಲ. ಪರದೇಶದಾಗ ನಮಗ್ಯಾಕ ಬೇಕು?” ಎಂದರು.

“ಆಕಿ ತನ್ನ ಕೈ ಕೆಟ್ಟದ ಅಂತಾಳ್ರಿ.”

“ಅನ್ನಲಿ ಬಿಡು. ಎರಡ ದಿನಕ್ಕ ಮರೀತಾಳ.”

ಊಟ ಸೇರಲಿಲ್ಲ. ಅವರಿಗೂ ಸೇರಲಿಲ್ಲವೆಂದು ಕಾಣುತ್ತದೆ, ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದರು.

ಶನಿವಾರ

ಬೆಳಿಗ್ಗೆ ಏಳಕ್ಕೆಲ್ಲ ಇಪ್ಪತ್ತು ಜನ ಗುದ್ದಲಿ ಹೆಗಲಿಗಿಟ್ಟು ಬಂದಿದ್ದರು. ಹೆಂಗಸರೇ ಹೆಚ್ಚು. ಒಪೊಲೊಟ್ ಕೈಯಲ್ಲಿ ಗುದ್ದಲಿಯಿರಲಿಲ್ಲ. ಅವನು ನೋಡಲು ಬಂದಿದ್ದ.

ಆಗ್ನೆಸ್ ಮಡಕೆಯ ಪಕ್ಕ ನಿಂತು ಅವರ ಮಾತಿನಲ್ಲಿ ಹೇಳತೊಡಗಿದಳು. ಶಬ್ದ ತಿಳಿಯದಿದ್ದರೂ ಅವಳು ಎರಡೂ ಅಂಗೈ ಮೇಲೆ ಮಾಡಿ ಜನರಿಗೆ ತೋರಿಸಿದಾಗ ಅರ್ಥವಾಯಿತು. ಯಾರೋ ನಾಲಗೆ ಲೊಚಗುಟ್ಟಿದರು. ಒಬ್ಬಳು ಗುದ್ದಲಿ ಮತ್ತೆ ಹೆಗಲಿಗೇರಿಸಿದಳು. ಒಪೊಲೊಟ್ ತಲೆಯಾಡಿಸಿ ಹೊಲದ ಕಡೆ ನೋಡಿದ. ಆ ನೋಟ ನನಗೆ ತಡೆಯಲಾಗಲಿಲ್ಲ. ಬೇಲಿ ಸುತ್ತಿ ಹೋಗಲು ವ್ಯವಧಾನವಿಲ್ಲದೆ ಸಂದಿಯಲ್ಲೇ ನುಗ್ಗಿದೆ. ಸೀರೆ ಸಿಕ್ಕಿ ಪರ್ ಎಂದಿತು.

“ತಪ್ಪು ಆಕೀದಲ್ಲ, ನಂದು!” ಎಂದು ಕನ್ನಡದಲ್ಲೇ ಕೂಗಿದೆ. ಆಮೇಲೆ ನನ್ನ ಹತ್ತು ಇಂಗ್ಲಿಷ್ ಶಬ್ದ ಹುಡುಕಿ, ನನ್ನೆದೆ ತೋರಿಸಿ, ಬಾಣಲೆಯಲ್ಲಿ ಸೌಟು ಆಡಿಸುವ ಹಾಗೆ ಕೈ ತಿರುವಿ, ಬೆಂಕಿ, ರಾಗಿ, ನಾನು, ನಾನು ಎಂದೆ.

ಆಗ್ನೆಸ್ ನನ್ನನ್ನೇ ನೋಡಿದಳು. “ಹುರಿದಿ?”

“ಹುರಿದೆ.”

“ಮೊಳಕಿ ರಾಗಿ?”

“ಅಷ್ಟೂ.”

“ಯಾಕ?”

“ನಮ್ಮ ಕಡಿ ಕೂಸಿಗಿ ಹಾಂಗೇ ಮಾಡ್ತೀವಿ” ಎಂದು ಕೈಯಲ್ಲಿ ಕೂಸು ತೂಗಿ, ಚಮಚದಿಂದ ತಿನ್ನಿಸುವುದನ್ನು ಮಾಡಿ ತೋರಿಸಿದೆ. ಆಗ್ನೆಸ್ ಅದನ್ನು ಜನರಿಗೆ ತಿರುಗಿಸಿ ಹೇಳಿದಳು. ಆಮೇಲೆ ಗುದ್ದಲಿ ಹೆಗಲಿಗೇರಿಸಿದ್ದವಳೇ ಅದನ್ನು ಕೆಳಗೆ ಬಿಟ್ಟು, ಬಾಯಿಗೆ ಹೆಬ್ಬೆರಳು ಇಟ್ಟುಕೊಂಡು ಕೂಸಿನ ಹಾಗೆ ಅತ್ತು ತೋರಿಸಿದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಗಲಿಲ್ಲವೆಂದರೆ ಆಗ್ನೆಸ್ ಒಬ್ಬಳೇ. ಅವಳು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

“ನಿನ್ನೆ ನಿನಗ ಗೊತ್ತಿತ್ತೇನು?”

ಹೌದೆಂದೆ. ಅವಳು ಮುಖ ಆ ಕಡೆ ತಿರುಗಿಸಿದಳು. ಸೀರೆ ಹರಿದದ್ದಕ್ಕಿಂತ, ಜನ ನಕ್ಕದ್ದಕ್ಕಿಂತ ಅದು ನನಗೆ ನಾಟಿತು. “ಮಾಫ್ ಮಾಡವ್ವಾ” ಎಂದೆ. ಯಾವ ಭಾಷೆಯಲ್ಲಿ ಅಂದೆನೋ ಗೊತ್ತಿಲ್ಲ, ಅವಳಿಗೆ ತಿಳಿಯಿತು. ಹರಿದ ನನ್ನ ಸೆರಗನ್ನು ಎತ್ತಿ ನಡುವಿಗೆ ಸಿಕ್ಕಿಸಿದಳು.

ಒಪೊಲೊಟ್ ನಗು ನಿಲ್ಲುವವರೆಗೆ ಕಾದ. ನ್ಯಾಯದ ವಿಷಯದಲ್ಲಿ ಅವನು ಗಟ್ಟಿ ಮನುಷ್ಯ, ತನಗೆ ನಷ್ಟವಾದರೂ. ಹಿರಿಯನಾಗಿ ಅವನು ಹೇಳಿದ್ದನ್ನು ಆಗ್ನೆಸ್ ನನಗೆ ತಿಳಿಸಿದ್ದು ಇಷ್ಟು: ಇದು ಆಗ್ನೆಸ್ ಕೈಯ ತಪ್ಪಲ್ಲ. ಮಡಕೆ ಕೆಡಿಸಿದವಳು ಮಡಕೆ ಎಬ್ಬಿಸಲಿ. ಬುಧವಾರ ಬರುತ್ತೇವೆ. ಅಂದು ಮಡಕೆ ಈ ಪರದೇಶದವಳ ಹೆಸರಿನದು, ಹೊಲ ಆಗ್ನೆಸ್‌ಳದು. ಅಂದೂ ಏಳದಿದ್ದರೆ ಮತ್ತೆ ಯಾರೂ ಬರುವುದಿಲ್ಲ.

ಬುಧವಾರ

ಮಡಕೆಯೊಳಗಿನ ಹಳೆಯ ಪುಡಿಯನ್ನು ಚೆಲ್ಲುವ ಅಗತ್ಯವಿರಲಿಲ್ಲ. ಅದಕ್ಕೆ ಬೇಕಾದದ್ದು ಜೀವ. ಅದೇ ದಿನ ಹೆಂಗಸರು ತಮ್ಮ ತಮ್ಮ ಮನೆಯಿಂದ ಒಂದೊಂದು ಬೊಗಸೆ ಮೊಳಕೆ ಹಿಟ್ಟು ಕಳಿಸಿದರು, ಬಿಸಿಲಲ್ಲಿ ಒಣಗಿದ್ದು. ಕೊಟ್ಟವರೆಲ್ಲ ಕೂಸಿನ ಹಾಗೆ ಅತ್ತು ತೋರಿಸಿಯೇ ಕೊಟ್ಟರು. ಆ ಹಿಟ್ಟನ್ನು ಮುಟ್ಟಿದರೆ ನನ್ನ ಹುರಿಹಿಟ್ಟಿಗಿಂತ ತಂಪು, ಸ್ವಲ್ಪ ಹಸಿ ವಾಸನೆ. ಕಣ್ಣು ಮುಚ್ಚಿ ಮುಟ್ಟಿದರೂ ಈಗ ಗೊತ್ತಾಗುತ್ತದೆ. ಆಗ್ನೆಸ್ ಪಕ್ಕದಲ್ಲಿ ಕೈ ಕಟ್ಟಿ ಕುಳಿತು ಹೇಗೆಂದು ಹೇಳಿದಳಷ್ಟೇ. ಕಲಸಿದವಳೂ ಮುಚ್ಚಿದವಳೂ ನಾನೇ.

ಭಾನುವಾರ ಮಧ್ಯಾಹ್ನ ಕಿವಿ ಹಚ್ಚಿದಾಗ ದೂರದಲ್ಲಿ ಯಾರೋ ಅಕ್ಕಿ ಕೇರಿದ ಹಾಗೆ ಕೇಳಿಸಿತು. ಓಡಿ ಹೋಗಿ ನಮ್ಮವರನ್ನು ಎಳೆದು ತಂದೆ. ಅವರೂ ಕಿವಿ ಹಚ್ಚಿದರು. “ಖರೇನೇ ಮಾತಾಡ್ಲಿಕತ್ತದಲ್ಲ!” ಎಂದು ಮಡಕೆಗೆ ಕೈಮುಗಿಯುವ ಹಾಗೆ ಕೈಯೆತ್ತಿ, ನಾನು ನೋಡಿದೆನೆಂದು ತಲೆ ಕೆರೆದುಕೊಂಡರು.

ಬುಧವಾರ ಇಪ್ಪತ್ತಕ್ಕೆ ಇಪ್ಪತ್ತಾರು ಜನ ಬಂದರು. ಕೂಸಿನ ಬಿಯರು ನೋಡಲು ಬಂದವರೂ ಇದ್ದರು. ಅವರು ಬಗ್ಗಿ ನಿಂತು ಗುದ್ದಲಿಯಿಂದ ಕಳೆ ಕೆದರುತ್ತಾರೆ. ನನಗೆ ಹಾಗೆ ಬರುವುದಿಲ್ಲ. ನಮ್ಮ ತೊಗರಿ ಹೊಲದಲ್ಲಿ ಮಾಡಿದ ಹಾಗೆ ಕುಕ್ಕರುಗಾಲಲ್ಲಿ ಕುಳಿತು, ಹಳೆಯ ಚಾಕುವೊಂದನ್ನೇ ಕುರ್ಪಿ ಮಾಡಿಕೊಂಡು, ಬೇರು ಸಮೇತ ಕಿತ್ತುಕೊಂಡು ಸರಿದೆ. ನಿಧಾನ, ಆದರೆ ನನ್ನ ಸಾಲಿನಲ್ಲಿ ಒಂದು ಕಳೆ ಉಳಿಯಲಿಲ್ಲ. ಹಿಂದೆ ಬಂದವಳು ನೋಡಿ, ಕೂಸು ಅಂಬೆಗಾಲಿಕ್ಕುತ್ತಿದೆ ಎಂದು ಕೂಗಿದಳು.

ಹೊತ್ತು ನೆತ್ತಿಯಿಂದ ಸರಿಯುವಷ್ಟರಲ್ಲಿ ಹೊಲ ಮುಗಿಯಿತು. ರಾಗಿಯ ಸಾಲು ಸಾಲು ಕಾಣಿಸಿತು. ಮಾವಿನ ಮರದ ಕೆಳಗೆ ಮಡಕೆ ತಂದಿಟ್ಟೆವು, ನಾನು ಬಿಸಿನೀರು ಹೊಯ್ದೆ. ನೊರೆ ಎದ್ದು ಅಂಚಿಗೆ ಬಂತು. ಎಲ್ಲರೂ ಕುಳಿತರು, ಕೊಳವೆ ಕೈಯಲ್ಲಿ ಹಿಡಿದರು. ಯಾರೂ ಮಡಕೆಗೆ ಇಳಿಬಿಡಲಿಲ್ಲ. ನಾನು ಎಂದಿನ ಹಾಗೆ ಚೊಂಬು ಎತ್ತಿಕೊಂಡು ಹೊರಟೆ.

ಆಗ್ನೆಸ್ ಕೈ ಹಿಡಿದಳು. “ಎಲ್ಲಿ ಹೊಂಟಿ? ಕುಂದ್ರು. ಯಾರ ಮಡಕಿನೋ ಅವರೇ ಮೊದಲ ಕುಡೀಬೇಕು. ಇಲ್ಲಂದ್ರ ಯಾರೂ ಮುಟ್ಟಂಗಿಲ್ಲ.”

“ನೀ ಕುಡಿ. ನಿನ್ನ ಮನಿ, ನಿನ್ನ ಹೊಲ.”

“ಮಡಕಿ ನಿಂದು.”

“ನಮ್ಮಲ್ಲಿ ಕುಡ್ಯಂಗಿಲ್ಲ” ಎಂದೆ.

ಆಗ್ನೆಸ್ ಅದನ್ನು ತಿರುಗಿಸಿ ಹೇಳಿದ್ದೇ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಡಿದವಳೇ ಕುಡಿಯದ ಮಡಕೆಯಲ್ಲಿ ಏನಿದೆಯೋ ಎಂದು ಯಾರಿಗಾದರೂ ಅನ್ನಿಸುವುದೇ. ಬೆಳಗಿನಿಂದ ಬೆನ್ನು ಬಗ್ಗಿಸಿ ದುಡಿದವರು ಅವರು. ಮಡಕೆ ಮುಟ್ಟದೆ ಎದ್ದು ಹೋದರೆ ಇಂದಿನ ದುಡಿಮೆ ದುಡಿಮೆಯಾಗುವುದಿಲ್ಲ, ಆಗ್ನೆಸ್‌ಳ ಮಾತಿಗೆ ಇನ್ನೊಮ್ಮೆ ಯಾರೂ ಬರುವುದಿಲ್ಲ. ಒಪೊಲೊಟ್ ಆಗಲೇ ತನ್ನ ಕೊಳವೆಯನ್ನು ಮರಕ್ಕೆ ಒರಗಿಸಿ ಏಳುತ್ತಿದ್ದ.

ಕೊರಳಿಗೆ ಕೈ ಹೋಯಿತು. ದೇವರ ಹತ್ತಿರ ಕೇಳಬೇಕೆನಿಸಿತು, ಏನು ಕೇಳಬೇಕೆಂದು ತಿಳಿಯಲಿಲ್ಲ. ನಮ್ಮವರು ಬೇಲಿಯ ಹತ್ತಿರ ನಿಂತಿದ್ದರು. ಅವರತ್ತ ನೋಡಿದೆ. ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಮಾವಿನ ಮರದಲ್ಲಿ ಹಣ್ಣು ಎಣಿಸುವವರ ಹಾಗೆ ಮೇಲೆ ನೋಡಿದರು. ಆದರೆ ನನ್ನ ನಾಚಿಕೆಗಾಗಿ ಅವಳನ್ನು ಒಮ್ಮೆ ಜನರ ಮುಂದೆ ನಿಲ್ಲಿಸಿದ್ದೆ, ಮಡಿಗಾಗಿ ಇನ್ನೊಮ್ಮೆ ನಿಲ್ಲಿಸಲು ಮನಸ್ಸಾಗಲಿಲ್ಲ.

ಕುಳಿತೆ. ಆಗ್ನೆಸ್ ಕೊಳವೆ ಕೊಟ್ಟಳು. ಗಾಬರಿಗೆ ಎಡಗೈ ಚಾಚಿದ್ದೆ, ಇಪ್ಪತ್ತಾರು ಜನ ಒಟ್ಟಿಗೆ ಹಾ ಎಂದರು. ಬಲಗೈಯಲ್ಲಿ ಹಿಡಿದು ಎಳೆದೆ. ಬೆಚ್ಚಗೆ, ಹುಳಿಯಾಗಿ, ಸುಟ್ಟ ರೊಟ್ಟಿಯ ಕಂಪಿನೊಡನೆ ಬಾಯಿಗೆ ಬಂತು. ಸಿಂದಿಯ ರುಚಿ ನನಗೆ ಗೊತ್ತಿಲ್ಲ. ಇದು ನನಗೆ ಗೊತ್ತಿದ್ದ ರುಚಿ, ಬೇಸಿಗೆಯಲ್ಲಿ ಗಡಿಗೆಯಲ್ಲಿಟ್ಟು ಹುಳಿ ಬರಿಸಿದ ನಮ್ಮ ಜೋಳದ ಅಂಬಲಿ, ಸ್ವಲ್ಪ ಹುಂಬತನ ಕಲಿತದ್ದು. ನುಂಗಿದೆ. ಒಂದು ಗುಟುಕು ಸಾಕಾಗಿತ್ತು. ಎರಡನೆಯದು ಯಾರೂ ಕೇಳದೆ ನಾನೇ ಎಳೆದದ್ದು. ಚೆನ್ನಾಗಿತ್ತು.

ಕೊಳವೆಗಳೆಲ್ಲ ಒಟ್ಟಿಗೆ ಇಳಿದವು. ಸ್ವಲ್ಪ ಹೊತ್ತು ಎಳೆಯುವ ಸದ್ದೊಂದೇ. ಒಪೊಲೊಟ್ ಕೂಡ ಮರಕ್ಕೊರಗಿಸಿದ್ದನ್ನು ತೆಗೆದುಕೊಂಡು ಮತ್ತೆ ಕುಳಿತ. ಉದ್ದಕ್ಕೆ ಎಳೆದು, ಬಾಯಿ ಒರೆಸಿಕೊಂಡು, ಹೊಲದ ಕಡೆ ನೋಡದೆ ಆಗ್ನೆಸ್‌ಳ ಕಡೆ ನೋಡಿ ಏನೋ ಕೇಳಿದ. ಪಕ್ಕದವಳು ನನ್ನ ಮೊಣಕೈ ತಿವಿದು ಇಂಗ್ಲಿಷಿನಲ್ಲಿ ಹೇಳಿದಳು:

“ಎರಡನೇ ಸಲ ಹೊಲದ ಕಸ ತೆಗ್ಯೋದು ಯಾವಾಗಂತ ಕೇಳ್ಲಿಕತ್ತಾನ. ಗುದ್ದಲಿ ತರ್ತಾನಂತ.”

ಆಗ್ನೆಸ್ ಬಾಯಿಂದ ಕೊಳವೆ ತೆಗೆಯಲಿಲ್ಲ. ತನ್ನ ಎಳೆತ ಮುಗಿಸುವವರೆಗೂ ಅವನನ್ನು ಕಾಯಿಸಿ, ಆಮೇಲೆ ಎಡಗೈಯ ಎರಡು ಬೆರಳು ಎತ್ತಿ ತೋರಿಸಿದಳು. ಎರಡು ವಾರ.